ಬಾಂಬ್ ಪತ್ತೆ ಮಾಡುವ ನಾಯಿ ವಾಸನೆ ಸಿಕ್ಕಾಗ ಬೊಗಳದೆ ಸುಮ್ನೆ ಕೂರುವುದೇಕೆ?

ಕೂರುವುದೇ ಅದಕ್ಕೆ ಕಲಿಸಿದ ಸನ್ನೆ. ಕೆರೆದರೆ, ಕಚ್ಚಿ ಎಳೆದರೆ ಬಾಂಬ್ ಸಿಡಿಯಬಹುದು ಅಲ್ವಾ!

ನಾಯಿಗೆ ಬಾಂಬ್ ಅಂದರೇನು ಅಂತ ಗೊತ್ತಿಲ್ಲ, ಅದಕ್ಕೆ ಬೇಕಾಗಿರುವುದು ಚೆಂಡು. ತರಬೇತಿಯಲ್ಲಿ ಡಬ್ಬಿಗಳನ್ನು ಸಾಲಾಗಿಟ್ಟು, ಒಂದರಲ್ಲಿ ಮಾತ್ರ ಟಿಎನ್‌ಟಿಯಂಥ ಸ್ಫೋಟಕದ ಚೂರು ಅಡಗಿಸುತ್ತಾರೆ. ಅಲ್ಲಿ ಮೂಗಿಟ್ಟ ಕೂಡಲೇ ಚೆಂಡು ಸಿಗಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತು ಅಂತ ನಾಯಿಗೆ ತಿಳಿಯುವುದಿಲ್ಲ. ಮತ್ತೆ ಮತ್ತೆ ಹೀಗೆ ಮಾಡಿದ ಮೇಲೆ ಆ ವಾಸನೆ ಬಂದರೆ ಆಟ ಅಂತ ಅದಕ್ಕೆ ಖಾತ್ರಿಯಾಗುತ್ತದೆ. ಆಮೇಲೆ ಕೂತರೆ ಮಾತ್ರ ಚೆಂಡು.

ಉಳಿದ ಡಬ್ಬಿಗಳಲ್ಲಿ ತಿಂಡಿ, ಕೈಗವಸು, ಖಾಲಿ ಪ್ಲಾಸ್ಟಿಕ್ ಇಡುತ್ತಾರೆ. ಇಲ್ಲದಿದ್ದರೆ ಅದು ಸ್ಫೋಟಕದ ಬದಲು, ಅದನ್ನು ಮುಟ್ಟಿದ ಕೈಗವಸಿನ ವಾಸನೆಯನ್ನೇ ಕಲಿತುಬಿಡಬಹುದು!

ಜಾಸ್ತಿ ತೊಂದರೆ ಮಾತ್ರ ಮನುಷ್ಯರದ್ದೇ. ನಾಯಿಯನ್ನು ನಡೆಸುವ ಹ್ಯಾಂಡ್ಲರ್‌ಗೆ ಸ್ಫೋಟಕ ಇಟ್ಟ ಜಾಗ ಗೊತ್ತಿದ್ದರೆ, ಅವರ ಹಾವಭಾವ ನೋಡಿಯೇ ನಾಯಿ ಕೂತುಬಿಡಬಹುದು. ಅದಕ್ಕೇ ಪರೀಕ್ಷೆಯಲ್ಲಿ ಬೇರೆಯವರು ಅಡಗಿಸಿಡುತ್ತಾರೆ.