ರಂಜಕದ ಗೊಬ್ಬರಕ್ಕೆ ಯಾವ ಲವಣ ಜೊತೆಯಾಗಬೇಕು?

ಪ್ರಶ್ನೆ: ನಮ್ಮ ಮಣ್ಣಿನ ರಸಸಾರ (pH) 8.2, ಸುಣ್ಣದಂಶ ಹೆಚ್ಚು. ಪ್ರತಿ ಬೆಳೆಗೂ ಸೂಪರ್ ಫಾಸ್ಫೇಟ್ ಹಾಕಿದರೂ ರಂಜಕದ ಕೊರತೆಯಿಂದ ಎಳೆಯ ಗಿಡಗಳ ಎಲೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬೇರೆ ಲವಣ ಬೆರೆಸಿದರೆ ರಂಜಕ ಬೇಗ ಕರಗುತ್ತದಂತೆ. ಅಮೋನಿಯಂ ಸಲ್ಫೇಟ್ ಹಾಕಲೇ, ಪೊಟ್ಯಾಷ್ ಹಾಕಲೇ?

ಉತ್ತರ: ಅಮೋನಿಯಂ ಸಲ್ಫೇಟ್ ಹಾಕಿ. ಆದರೆ ರಂಜಕ ಕರಗಿಸುವುದಕ್ಕೆಂದು ಅಲ್ಲ. ಸೂಪರ್ ಫಾಸ್ಫೇಟಿನ ರಂಜಕದಲ್ಲಿ ಬಹುಪಾಲು ನೀರಿನಲ್ಲಿ ಕರಗುವಂಥದ್ದೇ. ತೇವ ಸಿಕ್ಕರೆ ಸಾಕು. ನಿಮ್ಮ ತೊಂದರೆ ಇರುವುದು ಕರಗಿದ ಮೇಲೆ. ಗೊಬ್ಬರದ ಕಾಳಿನಿಂದ ಹೊರಬರುವ ದ್ರಾವಣದ ರಸಸಾರ ಸುಮಾರು 1.5, ಅಂದರೆ ಬಲವಾದ ಹುಳಿ. ಅದು ಸುತ್ತಲಿನ ಸುಣ್ಣವನ್ನು ಕರಗಿಸುತ್ತದೆ, ಆ ಕ್ಯಾಲ್ಸಿಯಂ ಜೊತೆಗೇ ರಂಜಕ ಗಟ್ಟಿಯಾಗಿ ಕೂರುತ್ತದೆ. ದಿನ ಕಳೆದಂತೆ ಈ ಕ್ಯಾಲ್ಸಿಯಂ ಫಾಸ್ಫೇಟುಗಳು ಇನ್ನೂ ಕರಗದ ರೂಪಕ್ಕೆ ತಿರುಗುತ್ತವೆ. ರಂಜಕ ಕಾಳಿನಿಂದ ಹೆಚ್ಚು ದೂರ ಹೋಗುವುದೂ ಇಲ್ಲ, ಗಿಡದ ಬೇರು ತಾನೇ ಅದರ ಬಳಿಗೆ ಬರಬೇಕು.

ಅಮೋನಿಯಂ ಕೆಲಸ ಮಾಡುವುದು ಇಲ್ಲಿ. ಅಮೋನಿಯಂ ಹೀರುವ ಬೇರು ಅದಕ್ಕೆ ಬದಲಾಗಿ ಹೈಡ್ರೋಜನ್ ಅಯಾನನ್ನು ಹೊರಬಿಡುತ್ತದೆ. ಹೊಲದ ರಸಸಾರ 8.2 ಇದ್ದರೂ ಬೇರಿಗೆ ಅಂಟಿದ ಮಣ್ಣಿನಲ್ಲಿ ಅದು ಇಳಿಯುತ್ತದೆ, ಗಟ್ಟಿಯಾಗಿ ಕೂತಿದ್ದ ರಂಜಕದಲ್ಲಿ ಒಂದಷ್ಟು ಮತ್ತೆ ಕರಗುತ್ತದೆ. ಸೂಕ್ಷ್ಮಜೀವಿಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುವಾಗಲೂ ಆಮ್ಲ ಹುಟ್ಟುತ್ತದೆ. ಇದರ ಜೊತೆಗೆ, ಸಾರಜನಕ ಮತ್ತು ರಂಜಕ ಒಂದೇ ಕಡೆ ಸಿಕ್ಕಲ್ಲಿ ಬೇರು ದಟ್ಟವಾಗಿ ಕವಲೊಡೆಯುತ್ತದೆ. ಹಾಗಾಗಿ ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಹಾಕಬೇಕು. ಒಂದನ್ನು ಎರಚಿ ಇನ್ನೊಂದನ್ನು ಸಾಲಿಗೆ ಕೊಟ್ಟರೆ ಲಾಭದ ಹೆಚ್ಚಿನ ಪಾಲು ಹೋದಂತೆ. ನೈಟ್ರೇಟ್ ರೂಪದ ಸಾರಜನಕದಿಂದ ಈ ಕೆಲಸ ಆಗದು. ಅದನ್ನು ಹೀರುವ ಬೇರು ಸುತ್ತಲಿನ ರಸಸಾರವನ್ನು ಏರಿಸುವುದೇ ಹೆಚ್ಚು.

ಪೊಟ್ಯಾಷಿನಿಂದ ರಂಜಕಕ್ಕೆ ಹೇಳಿಕೊಳ್ಳುವಂಥ ಸಹಾಯವಿಲ್ಲ. ಪೊಟ್ಯಾಸಿಯಂ ಜೇಡಿಕಣಗಳ ಮೇಲಿನ ಕ್ಯಾಲ್ಸಿಯಂ ಅನ್ನು ತಳ್ಳಿ ದ್ರಾವಣಕ್ಕೆ ಬಿಡುತ್ತದೆ, ಅದು ರಂಜಕವನ್ನು ಹಿಡಿಯಲೂಬಹುದು. ಪೊಟ್ಯಾಷ್ ಕೊರತೆ ಇದ್ದರೆ ಅದಕ್ಕಾಗಿ ಹಾಕಿ, ರಂಜಕದ ಆಸೆಗಲ್ಲ. ಸೋಡಿಯಂ ಲವಣದ ಸಲಹೆ ಕೊಡುವವರೂ ಇದ್ದಾರೆ. ಸೋಡಿಯಂ ಹೆಚ್ಚಿದರೆ ನೀರಿನಲ್ಲಿ ಕರಗಿದ ರಂಜಕ ಹೆಚ್ಚಾಗಿ ಕಾಣುವುದು ನಿಜ, ಆದರೆ ಮಣ್ಣಿನ ರಚನೆ ಕೆಟ್ಟು ನೀರು ಇಂಗುವುದೇ ನಿಲ್ಲುತ್ತದೆ. ಆ ದಾರಿ ಬೇಡವೇ ಬೇಡ.

ಬೀಜಕ್ಕೆ ತಾಗಿಸಿ ಹಾಕಬೇಡಿ, ಲವಣದ ಕಾವಿಗೆ ಮೊಳಕೆ ಸುಡುತ್ತದೆ. ಬೀಜದಿಂದ ಪಕ್ಕಕ್ಕೆ 5 ಸೆಂ.ಮೀ., ಕೆಳಕ್ಕೆ 5 ಸೆಂ.ಮೀ. ಬಿಟ್ಟು ಹಾಕಿ, ಮಣ್ಣು ಮುಚ್ಚಿ. ನಿಮ್ಮಂಥ ಮಣ್ಣಿನಲ್ಲಿ ಮೇಲೆಯೇ ಬಿಟ್ಟರೆ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಹುಳಿ ಮಣ್ಣಿನವರು ಈ ಸಲಹೆ ಅನುಸರಿಸಬಾರದು: ಅಲ್ಲಿ ರಂಜಕವನ್ನು ಹಿಡಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ, ಬೇಕಿರುವುದು ಸುಣ್ಣ.

ಪ್ರಶ್ನೆ: ಹನಿ ನೀರಾವರಿಯ ಟ್ಯಾಂಕಿನಲ್ಲಿ 12-61-0 (ನೀರಿನಲ್ಲಿ ಕರಗುವ ಮೋನೋ ಅಮೋನಿಯಂ ಫಾಸ್ಫೇಟ್ ಗೊಬ್ಬರ) ಮತ್ತು ಕ್ಯಾಲ್ಸಿಯಂ ನೈಟ್ರೇಟ್ ಬೆರೆಸಿದಾಗ ಬಿಳಿ ಗಸಿ ಕೂತಿತು. ಗೊಬ್ಬರ ಕಲಬೆರಕೆಯೇ?

ಉತ್ತರ: ಅಲ್ಲ. ಮಣ್ಣಿನಲ್ಲಿ ನಡೆಯುವ ಪ್ರಕ್ರಿಯೆಯೇ ಟ್ಯಾಂಕಿನಲ್ಲಿ ನಡೆದಿದೆ, ಆ ಗಸಿ ಕ್ಯಾಲ್ಸಿಯಂ ಫಾಸ್ಫೇಟ್. ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ, ರಂಜಕವೂ ಗಿಡಕ್ಕೆ ಸಿಗದು. ಎರಡನ್ನೂ ಬೇರೆ ಬೇರೆ ದಿನ ಕೊಡಿ, ನಡುವೆ ಪೈಪಿನಲ್ಲಿ ಬರೀ ನೀರು ಹರಿಸಿ.