ಡೆಚಾನಿಯ ಗೋಡೆಯ ಮೇಲೆ ಹಾರುವ ತಟ್ಟೆ ಇಲ್ಲ

ಪ್ರಶ್ನೆ: ಕೊಸೊವೊದ ಡೆಚಾನಿ ಮಠದಲ್ಲಿ ಯೇಸುವನ್ನು ಶಿಲುಬೆಗೇರಿಸುವ ಭಿತ್ತಿಚಿತ್ರವಿದೆ. ಅದರ ಮೇಲ್ಭಾಗದಲ್ಲಿ ಮನುಷ್ಯರು ಕುಳಿತ ಎರಡು ಹಾರುವ ವಾಹನಗಳು ಕಾಣುತ್ತವೆ. 14ನೇ ಶತಮಾನದವರಿಗೆ ಇದು ಹೇಗೆ ತಿಳಿದಿತ್ತು?

ಉತ್ತರ: ತಿಳಿದಿರಲಿಲ್ಲ, ಅವು ವಾಹನಗಳೂ ಅಲ್ಲ. ಒಂದು ಸೂರ್ಯ, ಇನ್ನೊಂದು ಚಂದ್ರ. ಈ ಪ್ರಶ್ನೆಯ ಜೊತೆ ಯಾವಾಗಲೂ ಒಂದೇ ಫೋಟೊ ಬರುತ್ತದೆ: ಮೇಲಿನ ಎರಡು ಮೂಲೆಗಳನ್ನು ಉಳಿಸಿಕೊಂಡು, ನಡುವಿನ ಶಿಲುಬೆಯನ್ನೇ ಕತ್ತರಿಸಿ ಎಸೆದದ್ದು. ಚಿತ್ರದ ಅರ್ಥವೆಲ್ಲ ಇರುವುದು ಎಸೆದ ಭಾಗದಲ್ಲಿ. ಯೇಸು ಪ್ರಾಣ ಬಿಡುವಾಗ ನಡುಹಗಲಲ್ಲೇ ಕತ್ತಲೆ ಕವಿದು ಸೂರ್ಯ ಮಂಕಾದನೆಂದು ಬೈಬಲಿನ ಲೂಕನ ಸುವಾರ್ತೆ ಹೇಳುತ್ತದೆ. ಆದ್ದರಿಂದಲೇ ಶಿಲುಬೆಯ ಇಬ್ಬದಿಗೂ ಸೂರ್ಯಚಂದ್ರರನ್ನು ಬರೆಯುವುದು ರೂಢಿ. 586ರ ಸಿರಿಯಾಕ್ ಭಾಷೆಯ ಹಸ್ತಪ್ರತಿಯಾದ ರಬ್ಬುಲಾ ಸುವಾರ್ತೆಯಲ್ಲೂ ಅವರಿದ್ದಾರೆ. ಅವರಿಗೆ ಮನುಷ್ಯರೂಪ ಕೊಡುವುದು ಗ್ರೀಕ್–ರೋಮನ್ ಕಾಲದಿಂದ ಬಂದ ಪದ್ಧತಿ. ಡೆಚಾನಿಯ ಚಿತ್ರಕಾರ ಆ ಆಕೃತಿಗಳನ್ನು ಹನಿಯಾಕಾರದ ಬೆಳಕಿನೊಳಗೆ ಕೂರಿಸಿ, ಹಿಂದಕ್ಕೆ ಕಿರಣಗಳನ್ನು ಎಳೆದಿದ್ದಾನೆ. 1960ರ ದಶಕದಲ್ಲಿ ಆ ಕಿರಣಗಳು ಕೆಲವರಿಗೆ ರಾಕೆಟ್ಟಿನ ಹೊಗೆಯಾಗಿ ಕಂಡವು. ರಾಕೆಟ್ಟುಗಳ ದಶಕವಲ್ಲವೇ!

ನಮ್ಮ ಊರೂರಿನ ವೀರಗಲ್ಲುಗಳ ನೆತ್ತಿಯಲ್ಲೂ ಸೂರ್ಯಚಂದ್ರರಿದ್ದಾರೆ. ಅವರನ್ನು ಯಾರೂ ವಿಮಾನ ಎಂದಿಲ್ಲ. ಇನ್ನೂ.

ಇಡೀ ಗೋಡೆಯನ್ನು ನೋಡಿ, ಸಾಧ್ಯವಾದರೆ ಇಡೀ ಕಟ್ಟಡವನ್ನು. ಸರ್ಬಿಯಾದ ದೊರೆ ಸ್ಟೆಫಾನ್ ಡೆಚಾನ್‌ಸ್ಕಿ 1327ರಲ್ಲಿ ಆರಂಭಿಸಿದ ಈ ಮಠದ ಚಿತ್ರಗಳು ಮುಗಿದದ್ದು 1350ರ ಸುಮಾರಿಗೆ. ಗುಮ್ಮಟದಲ್ಲಿ ಸರ್ವಾಧಿಪತಿ ಕ್ರಿಸ್ತ, ಮುಖಮಂಟಪದಲ್ಲಿ ವರ್ಷದ ದಿನದಿನಕ್ಕೂ ಸಂತರನ್ನು ಹೊಂದಿಸಿದ ಚಿತ್ರಪಂಚಾಂಗ, ದೊರೆಗಳ ನೆಮಾನಿಚ್ ವಂಶವೃಕ್ಷ. ಯಾರನ್ನು ಎಲ್ಲಿ ಬರೆಯಬೇಕೆಂಬುದಕ್ಕೆ ಕಟ್ಟುನಿಟ್ಟಾದ ಕ್ರಮವಿತ್ತು. ಹಣ ಕೊಟ್ಟ ಅರಮನೆಯ ಮತ್ತು ದಿನವೂ ಅಲ್ಲೇ ಪ್ರಾರ್ಥಿಸುವ ಸನ್ಯಾಸಿಗಳ ಕಣ್ಣು ತಪ್ಪಿಸಿ ಚಿತ್ರಕಾರ ಯಂತ್ರವೊಂದನ್ನು ತೂರಿಸಿದನೆಂದು ನಂಬಲು ಬಹಳ ಧೈರ್ಯ ಬೇಕು. ವಿಡಿಯೊ ಮಾಡುವವರಿಗೆ ಆ ಧೈರ್ಯ ಹೇರಳವಾಗಿದೆ. ಪಕ್ಕದ ಗೋಡೆಯತ್ತ ಕ್ಯಾಮೆರಾ ತಿರುಗಿಸುವಷ್ಟು ವ್ಯವಧಾನ ಮಾತ್ರ ಇಲ್ಲ.

ಪ್ರಶ್ನೆ: ಇಟಲಿಯ ಅಸ್ಸೀಸಿಯ ಚರ್ಚಿನ ಗೋಡೆಚಿತ್ರಗಳಲ್ಲಿ ದೇವದೂತರ ಮುಖ ಕಪ್ಪಾಗಿರುವುದರ ಗೂಢಾರ್ಥವೇನು?

ಉತ್ತರ: ಸೀಸದ ಬಿಳಿ ಬಣ್ಣ ಕಾಲಕ್ರಮದಲ್ಲಿ ಕಪ್ಪಾಗಿದೆ. ಗೂಢಾರ್ಥವಿಲ್ಲ, ರಸಾಯನಶಾಸ್ತ್ರವಿದೆ.

ಪ್ರಶ್ನೆ: ಅಜಂತಾದ ಚಿತ್ರಗಳೂ ಹಸಿ ಗಾರೆಯ ಮೇಲೆ ಬರೆಯುವ ಫ್ರೆಸ್ಕೊ ತಂತ್ರದವೇ?

ಉತ್ತರ: ಅಲ್ಲ. ಅವು ಒಣಗಿದ ಗಾರೆಯ ಮೇಲೆ ಅಂಟು ಬೆರೆಸಿದ ಬಣ್ಣದಲ್ಲಿ ಬರೆದವು.

ಪ್ರಶ್ನೆ: ನಮ್ಮೂರ ಮಠದ ಹಳೆಯ ಗೋಡೆಚಿತ್ರ ಮಸುಕಾಗಿದೆ. ವಾರ್ನಿಷ್ ಬಳಿದರೆ ಹೊಳಪು ಬರುತ್ತದೆ ಎಂದು ಒಬ್ಬರು ಮುಂದೆ ಬಂದಿದ್ದಾರೆ. ಮಾಡಿಸಬಹುದೇ?

ಉತ್ತರ: ಬೇಡ. ಹೊಳಪು ಬರುತ್ತದೆ, ನಿಜ. ಆದರೆ ಗೋಡೆಯ ತೇವ, ಉಪ್ಪು ಹೊರಬರಲು ದಾರಿಯಿಲ್ಲದೆ ವಾರ್ನಿಷಿನ ಹಿಂದೆ ಸೇರಿ ಬಣ್ಣದ ಪದರವನ್ನೇ ಎಬ್ಬಿಸುತ್ತವೆ. ಎಣ್ಣೆ, ನಿಂಬೆರಸ, ಒದ್ದೆ ಬಟ್ಟೆಯೂ ಬೇಡ. ಮೊದಲು ಚಾವಣಿ ಸೋರುವುದನ್ನು ನಿಲ್ಲಿಸಿ. ಆಮೇಲೆ ಪುರಾತತ್ವ ಇಲಾಖೆಗೆ ಅರ್ಜಿ ಬರೆದು, ಸಂರಕ್ಷಣೆಯಲ್ಲಿ ತರಬೇತಿ ಪಡೆದವರನ್ನು ಕೇಳಿ. ಅಲ್ಲಿಯವರೆಗೆ ವಾರ್ನಿಷ್ ಡಬ್ಬಿ ಹಿಡಿದು ಬಂದವರನ್ನು ಕಾಫಿ ಕೊಟ್ಟು ಕಳುಹಿಸಿ.