ಜಾಬ್ ಕಾರ್ಡ್ ಓದದೆ ಸೈನ್ ಹಾಕಬೇಡಿ ಗೌಡ್ರೇ

ಗೌಡ್ರೇ, ನಿಮ್ಮ ಪೋಸ್ಟ್ ಓದಿ ನನ್ನ ಹಳೇ ಹೊಟ್ಟೆಉರಿ ನೆನಪಾಯಿತು. ಹದಿನಾಲ್ಕು ತಿಂಗಳ ಡೀಸೆಲ್ ಗಾಡಿ. ಇಂಜಿನ್ ಲೈಟ್ ಹತ್ತುತ್ತದೆ, ಪಿಕಪ್ ಸತ್ತುಹೋಗುತ್ತದೆ. ನಾಲ್ಕು ಸಲ ಸರ್ವಿಸಿಗೆ ಬಿಟ್ಟರೂ ನೀರು ಹೊಡೆದು ‘ಸರಿ ಇದೆ ಸಾರ್’ ಅಂತ ವಾಪಸ್ ಕೊಟ್ಟಿದ್ದಾರೆ. ಕಂಪನಿ ಬೇರೆ ಗಾಡಿ ಕೊಡುತ್ತದಾ ಅಂತ ಕೇಳಿದ್ದೀರಿ.

ಅದು ಕಷ್ಟ. ಪದೇ ಪದೇ ಕೆಡುವ ಹೊಸ ಗಾಡಿಯನ್ನು ಕಂಪನಿ ಬದಲಾಯಿಸಬೇಕು ಇಲ್ಲವೇ ದುಡ್ಡು ವಾಪಸ್ ಕೊಡಬೇಕು ಅನ್ನುವ, ಅಮೆರಿಕದಲ್ಲಿರುವಂಥ ‘ಲೆಮನ್ ಲಾ’ ನಮ್ಮಲ್ಲಿಲ್ಲ. ವಾರಂಟಿಯಲ್ಲಿ ಪಾರ್ಟ್ ಬದಲಾಯಿಸುವ ಮಾತಷ್ಟೇ ಇದ್ದರೆ ಇಡೀ ಕಾರು ಬದಲಾಯಿಸಿ ಅನ್ನುವಂತಿಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ ಹೇಳಿದೆ. ಆದರೆ ಸರಿಯಾದ ರಿಪೇರಿ ಮಾಡಿಸಿಕೊಳ್ಳಬಹುದು, ಓಡಾಟದ ಖರ್ಚು, ಪರಿಹಾರ ಕೇಳಬಹುದು.

ನನ್ನ ಕಥೆ ಹೇಳ್ತೀನಿ. ಆಗುಂಬೆ ಘಾಟಿ ಹತ್ತುವಾಗ ಮಾತ್ರ ಗಾಡಿ ಮುಗ್ಗರಿಸುತ್ತಿತ್ತು. ಶಿವಮೊಗ್ಗದ ವರ್ಕ್‌ಶಾಪಿಗೆ ಐದು ಸಲ ಹೋದೆ. ಒಮ್ಮೆ ಸಾಫ್ಟ್‌ವೇರ್ ಅಪ್‌ಡೇಟ್, ಒಮ್ಮೆ ಸೆನ್ಸರ್ ಕ್ಲೀನ್. ಕೊನೆಗೆ ಕಂಪನಿಗೆ ಬರೆದರೆ, ‘ನಮ್ಮ ದಾಖಲೆ ಪ್ರಕಾರ ಈ ಕಂಪ್ಲೇಂಟ್ ಬಂದಿರೋದು ಮೂರೇ ಸಲ’ ಅಂದರು. ತೆಗೆದು ನೋಡಿದರೆ ಮೊದಲ ಎರಡು ಜಾಬ್ ಕಾರ್ಡಿನಲ್ಲಿ (ಗಾಡಿ ಬಿಡುವಾಗ ಕಂಪ್ಲೇಂಟ್ ಬರೆದು ನಮ್ಮ ಸೈನ್ ಹಾಕಿಸಿಕೊಳ್ಳುವ ಚೀಟಿ) ‘ಜನರಲ್ ಚೆಕಪ್’ ಅಂತ ಬರೆದಿತ್ತು. ಸೈನ್ ನನ್ನದೇ! ಕಾಫಿ ಕುಡಿಯೋ ಆತುರದಲ್ಲಿ ಹಾಕಿ ಬಂದಿದ್ದೆ.

ಹಾಗಾಗಿ ಇನ್ನು ಮೇಲೆ ಸರ್ವಿಸ್ ಅಡ್ವೈಸರ್ ಏನು ಟೈಪ್ ಮಾಡ್ತಾನೆ ಅಂತ ಪಕ್ಕದಲ್ಲೇ ನಿಂತು ನೋಡಿ. ‘ಪಿಕಪ್ ಇಲ್ಲ’ ಅಂದರೆ ಸಾಲದು. ‘ಏರಿನಲ್ಲಿ ಮೂರನೇ ಗೇರಿನಲ್ಲಿ ಇಂಜಿನ್ ಲೈಟ್ ಹತ್ತಿ ಪವರ್ ಕಟ್ ಆಗುತ್ತದೆ, ನಾಲ್ಕು ಸಲ ಬಂದರೂ ಸರಿಯಾಗಿಲ್ಲ’ ಅಂತ ನಿಮ್ಮ ಮಾತಿನಲ್ಲೇ ಬರೆಸಿ. ಗಾಡಿ ತೆಗೆದುಕೊಳ್ಳುವಾಗ ಏನು ಮಾಡಿದರು ಅನ್ನುವ ಬಿಲ್ಲೂ ಇರಲಿ, ಸೊನ್ನೆ ರೂಪಾಯಿ ಆದರೂ ಸರಿ. ಹಳೆಯವು ಕಳೆದಿದ್ದರೆ ಕಾಪಿ ಕೇಳಿ, ಅವರ ಸಿಸ್ಟಮ್‌ನಲ್ಲಿ ಇರುತ್ತದೆ.

ಗಾಡಿಯ ಕಂಪ್ಯೂಟರ್ ಹಿಡಿದಿಟ್ಟ ದೋಷದ ಕೋಡನ್ನು ಮೊಬೈಲಿನಲ್ಲಿ ತೋರಿಸುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಒಂದು ತರಿಸಿಕೊಳ್ಳಿ, ದುಬಾರಿ ಏನಲ್ಲ. ಲೈಟ್ ಹತ್ತಿದ ತಕ್ಷಣ ಕೋಡ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ, ವರ್ಕ್‌ಶಾಪಿನಲ್ಲಿ ಅಳಿಸಿದ ಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯಲ್ಲ. ನನ್ನದು ಪಿ0299, ಅಂದರೆ ಇಂಜಿನ್ನಿಗೆ ಗಾಳಿ ತಳ್ಳುವ ಟರ್ಬೋದ ಪ್ರೆಶರ್ ಸಾಲುತ್ತಿಲ್ಲ ಅಂತ. ನಿಮ್ಮದು ಪಿ2463 ಬಂದರೆ ಕಥೆ ಬೇರೆ. ಡಿಪಿಎಫ್‌ನಲ್ಲಿ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನಲ್ಲಿ, ಮಸಿ ತುಂಬಿದೆ ಅಂತ ಅರ್ಥ. ಬೇಜಾರು ಮಾಡ್ಕೋಬೇಡಿ, ತೋಟದಿಂದ ಸೊಸೈಟಿಗೆ ಮೂರು ನಾಲ್ಕು ಕಿಲೋಮೀಟರ್ ಓಡಿಸಿ ಆಫ್ ಮಾಡೋ ಬಿಎಸ್6 ಡೀಸೆಲ್ ಗಾಡಿಗಳಿಗೆ ಇದು ಮಾಮೂಲಿ. ಆ ಮಸಿ ಸುಡಲು ಬಿಸಿ ಬೇಕು, ಸ್ವಲ್ಪ ಹೊತ್ತು ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಬೇಕು. ಅದನ್ನು ಮಾಡಿಯೂ ಲೈಟ್ ಬಂದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಹೊರಗೆ ಹಾಕಿಸಿದ ಲೈಟು, ಹಾರ್ನಿನ ವೈರಿಂಗ್ ಇದ್ದರೆ ಮೊದಲೇ ಬಿಚ್ಚಿಸಿ. ವಾರಂಟಿ ಕೊಡಲ್ಲ ಅನ್ನೋಕೆ ಅವರಿಗೆ ಅಷ್ಟೇ ನೆಪ ಸಾಕು.

ಡೀಲರ್ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ. ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿ, ಡೀಲರ್‌ಗೂ ಕಾಪಿ ಹಾಕಿ. ಚಾಸಿಸ್ ನಂಬರ್, ಪ್ರತಿ ಸಲದ ತಾರೀಕು, ಕಿಲೋಮೀಟರ್, ಅವರು ಮಾಡಿದ ಕೆಲಸ, ಇಷ್ಟೇ ಸಾಕು. ಬೈಗುಳ ಬೇಡ. ಕೊನೆಯಲ್ಲಿ ಒಂದೇ ಬೇಡಿಕೆ ಇಡಿ: ಕಂಪನಿಯ ಇಂಜಿನಿಯರ್ ಬಂದು ನನ್ನ ಜೊತೆ ಗಾಡಿ ಓಡಿಸಿ ನೋಡಲಿ. ನನ್ನ ಕೇಸಿನಲ್ಲಿ ಕೆಲಸ ಆಗಿದ್ದು ಅದರಿಂದಲೇ. ಆತ ಸ್ಕ್ಯಾನರ್ ಹಾಕಿಕೊಂಡು ಘಾಟಿ ಹತ್ತಿಸಿದ. ಇಂಟರ್‌ಕೂಲರ್ ಹೋಸ್ (ಟರ್ಬೋದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ಪೈಪು) ಸೀಳಿತ್ತು, ಏರಿನಲ್ಲಿ ಪ್ರೆಶರ್ ಜಾಸ್ತಿ ಆದಾಗ ಮಾತ್ರ ಬಾಯಿ ಬಿಡುತ್ತಿತ್ತು. ವರ್ಕ್‌ಶಾಪಿನಲ್ಲಿ ನಿಲ್ಲಿಸಿ ನೋಡಿದರೆ ಹೇಗೆ ಸಿಕ್ಕೀತು, ಅಲ್ವಾ?

ಇದಕ್ಕೂ ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಆಮೇಲೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್, ನಂತರ ಜಿಲ್ಲಾ ಗ್ರಾಹಕ ಆಯೋಗ. ಗಾಡಿಗೆ ಕೊಟ್ಟ ದುಡ್ಡು 50 ಲಕ್ಷದೊಳಗಿದ್ದರೆ ಜಿಲ್ಲೆಯಲ್ಲೇ ಆಗುತ್ತದೆ. 10ರಿಂದ 20 ಲಕ್ಷದ ಗಾಡಿಗೆ ಫೀಸು 400 ರೂಪಾಯಿ. 2019ರ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ಹಾಸನದಲ್ಲೇ. ವಕೀಲರು ಕಡ್ಡಾಯ ಅಲ್ಲ, ಆದರೂ ಇಟ್ಟುಕೊಂಡರೆ ಒಳ್ಳೆಯದು. ಡೀಲರ್, ಕಂಪನಿ ಇಬ್ಬರನ್ನೂ ಕೇಸಿನಲ್ಲಿ ಎದುರುದಾರರನ್ನಾಗಿ ಮಾಡಿ, ಇಲ್ಲದಿದ್ದರೆ ಒಬ್ಬರ ಮೇಲೆ ಒಬ್ಬರು ಹಾಕಿ ಕೂರುತ್ತಾರೆ. ತಾಂತ್ರಿಕ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಬೇಡಿ. ಆದರೆ ದೂರು ಹಾಕೋಕೆ ನಿಮಗಿರೋದು ಎರಡೇ ವರ್ಷ, ಅದನ್ನು ಮಾತ್ರ ಮರೆಯಬೇಡಿ.

ಒಂದು ವಿಷಯ ಕೇಳೋದು ಮರೆತೆ. ಗಾಡಿ ನಿಮ್ಮ ಹೆಸರಲ್ಲಿದೆಯೋ, ಎಸ್ಟೇಟ್ ಹೆಸರಲ್ಲೋ? ಎಸ್ಟೇಟ್ ಹೆಸರಲ್ಲಿದ್ದರೆ ‘ವ್ಯಾಪಾರಕ್ಕೆ ತಗೊಂಡಿದ್ದು, ಇವರು ಗ್ರಾಹಕರೇ ಅಲ್ಲ’ ಅಂತ ತಕರಾರು ತೆಗೆಯುತ್ತಾರೆ. ಆರ್‌ಸಿ ನೋಡಿ ಹೇಳಿ. ನಾಲ್ಕೂ ಜಾಬ್ ಕಾರ್ಡಿನ ಫೋಟೋ ಕೂಡ ಹಾಕಿ, ನಂಬರ್ ಮುಚ್ಚಿ.